ನಾಲ್ಕು ಶುಕ್ರವಾರ, ಒಂದು ಮೋಡೆಮ್

ಬ್ಯಾಡಗಿಯ ಆ ಮನೆಗೆ ನಾನು ಮೊದಲ ಸಲ ಹೋದದ್ದು ಒಂದು ಸೋಮವಾರ. ಹೆಗಲಿಗೆ ಲ್ಯಾಪ್‌ಟಾಪಿನ ಚೀಲ, ಕೈಯಲ್ಲಿ ಹತ್ತು ಮೀಟರ್ ಕೇಬಲ್ಲು. ಹಾವೇರಿ ಜಿಲ್ಲೆಯಾಗಿ ಹತ್ತು ವರ್ಷವಾಗಿತ್ತು, ಬ್ರಾಡ್‌ಬ್ಯಾಂಡ್ ನಮ್ಮ ಕಡೆ ಆಗಷ್ಟೇ ಕಾಲಿಟ್ಟಿತ್ತು. ಹಾವೇರಿ ಬಸ್‌ಸ್ಟ್ಯಾಂಡ್ ಹತ್ತಿರ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಆ ಮನೆಯ ಯಜಮಾನರು ಮೆಣಸಿನಕಾಯಿ ದಲಾಲರು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಕಡೆ ಅವರ ಅಂಗಡಿಗಳು, ಮೂರರ ಕಂಪ್ಯೂಟರುಗಳನ್ನೂ ನೋಡಿಕೊಳ್ಳುವವನು ನಾನೇ. ಎಲ್ಲರೂ ಅವರನ್ನು ಸಾವಕಾರ್ರು ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ.

ಇದು ನನ್ನ ಹೆಂಡತಿ ತೀರಿಕೊಂಡು ನಾಲ್ಕು ತಿಂಗಳ ಮೇಲಿನ ಮಾತು. ಜ್ವರ ಅಂತ ಹುಬ್ಬಳ್ಳಿಗೆ ಒಯ್ದಿದ್ದೆ, ಆರನೇ ದಿನ ಹೋಗಿಬಿಟ್ಟಳು. ನಾನು ಹುಟ್ಟಾ ಜಗಳಗಂಟ. ಕಂಡಕ್ಟರ್ ಜೊತೆ, ಟೆಲಿಫೋನ್ ಎಕ್ಸ್‌ಚೇಂಜಿನವರ ಜೊತೆ, ರೊಟ್ಟಿ ಆರಿದೆ ಅಂತ ಖಾನಾವಳಿಯವನ ಜೊತೆ, ಹೀಗೆ ದಿನಕ್ಕೊಂದು ಜಗಳ ಆಡದಿದ್ದರೆ ನನಗೆ ಉಂಡದ್ದು ಅರಗುತ್ತಿರಲಿಲ್ಲ. ಆಕೆ ಹೋದಮೇಲೆ ಅದೂ ನಿಂತಿತು. ಆರಿದ ರೊಟ್ಟಿ ಹಾಕಿದರೆ ಆರಿದ ರೊಟ್ಟಿ ತಿಂದೆ. ಅಳು ಕೂಡ ಬಂದಿರಲಿಲ್ಲ. ಕರ್ಜಗಿಯಿಂದ ಬಂದಿದ್ದ ನನ್ನ ಮಾವ ‘ಅಳಿಯಾ ಕಲ್ಲಾಗ್ಯಾನ’ ಅಂತ ಯಾರಿಗೋ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. ಇರಬಹುದು ಅಂದುಕೊಂಡೆ.

ಕೆಲಸ ಇದ್ದದ್ದು ಸಾವಕಾರ್ರ ತಂಗಿಯದು. ಮದುವೆಗೆ ಮೊದಲು ಇಂಗ್ಲಿಷ್ ಕಲಿಸುತ್ತಿದ್ದವರು. ಮೇಡ್ಲೇರಿಗೆ ಕೊಟ್ಟಿದ್ದರು, ಗಂಡನ ಮನೆ ಬಿಟ್ಟು ಬಂದು ಒಂದು ವರ್ಷವಾಗಿತ್ತು. ವೈದ್ಯರು ಮಾತಾಡಿ ಕಳಿಸಿದ ಧ್ವನಿ ಕೇಳಿ, ಅದನ್ನು ಮನೆಯಲ್ಲೇ ಕೂತು ಟೈಪ್ ಮಾಡಿ ಕಳಿಸುವ ಕೆಲಸ ಹುಬ್ಬಳ್ಳಿಯ ಕಂಪನಿಯೊಂದರಲ್ಲಿ ಸಿಕ್ಕಿತ್ತು. ಒಂದು ತಿಂಗಳು ಪರೀಕ್ಷೆ. ಮುಂಜಾನೆ ಒಂಬತ್ತಕ್ಕೆ ಲೈನ್ ಇರಬೇಕು. ತಿಂಗಳಲ್ಲಿ ನಾಲ್ಕು ಸಲ ತಪ್ಪಿದರೆ ಕೆಲಸ ಇಲ್ಲ.

‘ಒಂದು ತಿಂಗಳು ನೋಡ್ತೇನಿ’ ಅಂದರು ಸಾವಕಾರ್ರು, ತಂಗಿ ಎದುರಿಗೇ. ‘ಕೆಲಸ ಖಾಯಂ ಆದ್ರ ಇಲ್ಲೇ ಇರ್ಲಿ. ಆಗ್ಲಿಲ್ಲಾಂದ್ರ ಅಕಿನ್ನ ಕರ್ಕೊಂಡು ಬಂದು ಬಿಡ್ತೇನಿ ಅಂತ ಬೀಗರಿಗೆ ಮಾತು ಕೊಟ್ಟೇನಿ. ನಿಮ್ಮ ಕೈಯಾಗೈತಿ ನೋಡ್ರಿ ಎಲ್ಲಾ.’

ನಾನು ಹೂಂ ಅಂದೆ. ಬೇರೆ ಯಾವ ವರ್ಷವಾದರೂ ಇಂಥ ಮಾತಿಗೆ ನನ್ನ ಎದೆ ಧಸಕ್ ಅನ್ನುತ್ತಿತ್ತು.

ಕಂಪ್ಯೂಟರ್ ಜೋಡಿಸಿ ಹೆಡ್‌ಫೋನ್ ಪರೀಕ್ಷೆ ಮಾಡುವಾಗ ಎಡಗಡೆಯ ಧ್ವನಿ ಬರುತ್ತಿರಲಿಲ್ಲ. ತಂತಿ ನೋಡತೊಡಗಿದೆ.

‘ಇರ್ಲಿ ಬಿಡ್ರಿ ಸರ್. ಬಲಗಡೆ ಬಂದ್ರ ಸಾಕು. ಎಡಗಿವಿ ನನಗ ಕೇಳಂಗಿಲ್ಲ’ ಅಂದರು ತಂಗಿ.

‘ಸಣ್ಣಾಕಿ ಇದ್ದಾಗಿಂದನ ಹಂಗೇನ್ರಿ ಅಕ್ಕಾರ?’

‘ಇಲ್ರಿ. ಮೇಡ್ಲೇರ್ಯಾಗ ಆದದ್ದು.’

ಅವರ ಅವ್ವ ಚಹಾದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಬಟ್ಟಲು ನನ್ನ ಪಕ್ಕ ಇಟ್ಟು ಒಳಗೆ ಹೋದರು.

ಈಗ ಕೆಲಸದ ಮಾತು. ಟೆಲಿಫೋನಿನವರು ಕೊಡುವ ಮೋಡೆಮ್ ತಾನೇ ಲೈನಿಗೆ ಡಯಲ್ ಮಾಡುತ್ತದೆ, ತಾನೇ ಮನೆಯ ಕಂಪ್ಯೂಟರುಗಳಿಗೆ ಹಂಚುತ್ತದೆ. ಸಾಮಾನ್ಯ ಮನೆಗೆ ಅದು ಬೇಕಾದಷ್ಟಾಯಿತು. ಆದರೆ ರೋಗಿಗಳ ಗುಟ್ಟು ಹೊರಗೆ ಹೋಗಬಾರದು ಅಂತ ಈ ಕಂಪನಿ ತನ್ನದೇ ಒಂದು ರೌಟರ್ ಕಳಿಸಿತ್ತು. ಹುಬ್ಬಳ್ಳಿಯ ಆಫೀಸಿಗೂ ಈ ಮನೆಗೂ ನಡುವೆ ಬೀಗ ಹಾಕಿದ ದಾರಿ ಮಾಡುವುದು ಅದರ ಕೆಲಸ. ಮೋಡೆಮ್ ನಡುವೆ ನಿಂತು ಯಜಮಾನಿಕೆ ಮಾಡಿದರೆ ಆ ದಾರಿ ಉಳಿಯುವುದಿಲ್ಲ. ಅದಕ್ಕೆ ಮೋಡೆಮ್ಮನ್ನು ಬ್ರಿಡ್ಜ್ ಮೋಡಿಗೆ ಹಾಕಬೇಕು. ಅಂದರೆ ನೀನು ಡಯಲ್ ಮಾಡಬೇಡ, ಹಂಚಬೇಡ, ಬಂದದ್ದನ್ನು ಬಂದ ಹಾಗೆ ಹಿಂದಿನವನಿಗೆ ಕೊಡು ಅಂತ ಅದಕ್ಕೆ ಹೇಳುವುದು. ಡಯಲ್ ಮಾಡುವುದು ಇನ್ನು ರೌಟರಿನ ಪಾಲಿಗೆ.

ಹೇಳುವುದಕ್ಕೆ ಇಷ್ಟೇ, ಮಾಡುವುದಕ್ಕೆ ಆ ಸೋಮವಾರ ಸಂಜೆಯಾಯಿತು. ಮೊದಲ ತೊಡಕು, ಮೋಡೆಮ್ಮಿಗೂ ರೌಟರಿಗೂ ಕಾರ್ಖಾನೆಯಿಂದ ಬಂದ ವಿಳಾಸ ಒಂದೇ. ಒಂದೇ ಓಣಿಯಲ್ಲಿ ಒಂದೇ ನಂಬರಿನ ಎರಡು ಮನೆ ಇದ್ದರೆ ಅಂಚೆಯವ ಏನು ಮಾಡಬೇಕು? ರೌಟರಿನ ವಿಳಾಸ ಬದಲಿಸಿದೆ. ಆಮೇಲೆ ಮೋಡೆಮ್ಮಿನ ಒಳಗೆ ಹೋಗಿ, ಎಕ್ಸ್‌ಚೇಂಜಿನವರು ತಮ್ಮ ಲೈನಿಗೆ ಅಂತ ಹೇಳಿದ ಸೊನ್ನೆ, ಮೂವತ್ತೈದು ಅಂಕಿ ಹಾಗೇ ಇಟ್ಟು ಬ್ರಿಡ್ಜ್ ಆರಿಸಿ ಉಳಿಸಿದೆ. ಯೂಸರ್ ಹೆಸರು, ಪಾಸ್‌ವರ್ಡು ಎರಡನ್ನೂ ರೌಟರಿಗೆ ಕೊಟ್ಟೆ. ಡಯಲ್ ಆಗಲಿಲ್ಲ. ಮತ್ತೆ ಮಾಡಿದೆ, ಆಗಲಿಲ್ಲ. ಪಾಸ್‌ವರ್ಡ್ ಮೂರು ಸಲ ಬಡಿದೆ. ಕೊನೆಗೆ ಹೊಳೆಯಿತು. ಮುಂಜಾನೆ ಮೋಡೆಮ್ ಮಾಡಿದ್ದ ಕರೆ ಎಕ್ಸ್‌ಚೇಂಜಿನ ಲೆಕ್ಕದಲ್ಲಿ ಇನ್ನೂ ಮುಗಿದಿಲ್ಲ, ಒಬ್ಬರಿಗೆ ಒಂದೇ ಕರೆ. ಎಲ್ಲ ಆರಿಸಿ ಅರ್ಧ ತಾಸು ಸುಮ್ಮನೆ ಕೂತೆ. ಮತ್ತೆ ಹಚ್ಚಿದಾಗ ರೌಟರಿನ ದೀಪ ಹಸಿರಾಯಿತು.

ಮೇಜಿನ ಮೇಲೆ ಜಾಗ ಇರಲಿಲ್ಲ. ಟೆಲಿಫೋನ್ ತಂತಿ ಕಿಟಕಿಯ ಮೇಲಿನಿಂದ ಇಳಿದು ಬರುತ್ತಿತ್ತು. ಹಾಗಾಗಿ ಮೋಡೆಮ್ಮಿನ ಬೆನ್ನು ಮೇಲಕ್ಕೆ ಮಾಡಿ, ತಂತಿ ಸೀದಾ ಬಂದು ಸೇರುವ ಹಾಗೆ ಗೋಡೆಗೆ ತೂಗುಹಾಕಿದೆ. ನೋಡುವುದಕ್ಕೂ ಚೊಕ್ಕ ಕಾಣುತ್ತಿತ್ತು.

ಮೂರು ದಿನ ಏನೂ ತಕರಾರಿಲ್ಲ. ಶುಕ್ರವಾರ ಒಂಬತ್ತೂಕಾಲಿಗೆ ಫೋನು.

‘ಸರ್, ಲೈನ್ ಹೋಗೇತ್ರಿ. ರೌಟರಿನ ದೀಪ ಹತ್ತವಲ್ದು.’

ಬೈಕ್ ತೆಗೆದು ಮೋಟೆಬೆನ್ನೂರಿನ ಮೇಲೆ ಹೋದೆ. ಮೋಡೆಮ್ಮಿನ ಒಳಗೆ ಹೊಕ್ಕು ನೋಡಿದರೆ ಬ್ರಿಡ್ಜ್ ಇಲ್ಲ, ನಾನು ಹಾಕಿದ್ದು ಏನೂ ಇಲ್ಲ. ಕಾರ್ಖಾನೆಯಿಂದ ಬಂದ ದಿನ ಹೇಗಿತ್ತೋ ಹಾಗಿದೆ. ಉಳಿಸುವುದನ್ನು ನಾನೇ ಮರೆತಿರಬೇಕು ಅಂತ ಮತ್ತೆಲ್ಲ ಹಾಕಿ, ಎರಡು ಸಲ ಆರಿಸಿ ಹಚ್ಚಿ ನೋಡಿ ಬಂದೆ. ಹನ್ನೆರಡಾಗಿತ್ತು. ಒಂದು ಸಲ ತಪ್ಪಿದ್ದು ಲೆಕ್ಕಕ್ಕೆ ಬಿತ್ತು.

ಮುಂದಿನ ಶುಕ್ರವಾರ ಅದೇ ಹೊತ್ತು, ಅದೇ ಫೋನು, ಅದೇ ಖಾಲಿ ಮೋಡೆಮ್. ಈ ಸಲ ಮೋಡೆಮ್ಮೇ ಕೆಟ್ಟಿದೆ ಅಂತ ಎಕ್ಸ್‌ಚೇಂಜಿಗೆ ಹೋಗಿ ಬೇರೆಯದು ತಂದೆ. ಮೊದಲಾಗಿದ್ದರೆ ಆ ಕೌಂಟರಿನಲ್ಲಿ ಕೂಗಾಡಿ ಮಂದಿ ಕೂಡಿಸುತ್ತಿದ್ದೆ. ಅಲ್ಲಿಯ ಲೈನ್‌ಮನ್ನನಿಗೂ ಅದು ಗೊತ್ತು. ‘ಯಾಕ್ರಿ, ಇವತ್ತು ಬೈಯೂದಿಲ್ಲೇನು?’ ಅಂತ ನಗುತ್ತ ಕೇಳಿದ. ನಾನು ಸಹಿ ಮಾಡಿ ಮೋಡೆಮ್ ತಗೊಂಡು ಬಂದೆ. ಹಳೆಯದು ಇದ್ದ ಜಾಗದಲ್ಲೇ, ಅದೇ ರೀತಿ ತೂಗುಹಾಕಿದೆ.

ಮೂರನೇ ಶುಕ್ರವಾರಕ್ಕೆ ಮೊದಲು ಯುಪಿಎಸ್ ಕೂಡಿಸಿದ್ದೆ. ಶುಕ್ರವಾರ ಕರೆಂಟಿನ ಎಳೆದಾಟ ಇರಬಹುದು ಅನ್ನುವುದು ನನ್ನ ಗುಮಾನಿ. ಮೋಡೆಮ್ಮಿನ ಪಾಸ್‌ವರ್ಡನ್ನೂ ಬದಲಿಸಿದ್ದೆ, ಹೊರಗಿನಿಂದ ಯಾರಾದರೂ ಕೈಯಾಡಿಸುತ್ತಿದ್ದರೆ ತಪ್ಪಲಿ ಅಂತ. ಒಂಬತ್ತೂಕಾಲಿಗೆ ಫೋನು ಬಂತು. ನಾನು ಹೋದಾಗ ನನ್ನ ಹೊಸ ಪಾಸ್‌ವರ್ಡೂ ಅಳಿಸಿ ಹೋಗಿತ್ತು.

ತಂಗಿ ಕುರ್ಚಿಯ ತುದಿಯಲ್ಲಿ ಕೂತಿದ್ದರು. ‘ಸರ್, ಮೂರು ಆದುವು. ಇನ್ನೊಂದ ಉಳದೈತ್ರಿ’ ಅಂದರು. ಅಷ್ಟೇ. ಬೈಯಲಿಲ್ಲ, ಅಳಲಿಲ್ಲ.

ಆ ವಾರ ಅಂಗಡಿಯಲ್ಲಿ ಕೂತು ಯೋಚಿಸಿದೆ. ಮೂರು ವಾರ ನಾನು ಮಾಡಿದ್ದೇನು? ಕೆಟ್ಟ ಮೇಲೆ ಹೋಗಿ ನೆಟ್ಟಗೆ ಮಾಡುವುದು. ಕೆಡುವುದನ್ನು ಒಂದು ಸಲವೂ ನೋಡಿಲ್ಲ. ಈ ಸಲ ಯಾವ ಸಾಮಾನನ್ನೂ ಮುಟ್ಟುವುದಿಲ್ಲ, ಕೆಡುವಾಗ ಅಲ್ಲೇ ಕೂತಿರುತ್ತೇನೆ ಅಂತ ತೀರ್ಮಾನ ಮಾಡಿದೆ. ಅಪಾಯ ಗೊತ್ತಿತ್ತು. ನೋಡುತ್ತ ನೋಡುತ್ತ ನಾಲ್ಕನೆಯದು ಹೋದರೆ ಆಕೆಯ ಕತೆ ಮುಗಿದಂತೆ. ಒಂಬತ್ತಕ್ಕೆ ಮೊದಲೇ ಕೆಟ್ಟರೆ ಒಂಬತ್ತರೊಳಗೆ ನೆಟ್ಟಗೆ ಮಾಡಬಹುದು ಅನ್ನುವ ಒಂದೇ ಧೈರ್ಯ.

ಶುಕ್ರವಾರ ಏಳಕ್ಕೆ ಅವರ ಪಡಸಾಲೆಯಲ್ಲಿದ್ದೆ. ಅಂಗಳದ ಆಚೆ ಚೀಲಗಟ್ಟಲೆ ಮೆಣಸಿನಕಾಯಿ ಬಿದ್ದಿತ್ತು. ಬಂದವರೆಲ್ಲ ಸೀನಿ ಕೆಮ್ಮಿ ಒಳಗೆ ಬರುತ್ತಿದ್ದರು, ನನಗೆ ಆಗ ಅದೂ ಆಗುತ್ತಿರಲಿಲ್ಲ. ಕುರ್ಚಿ ಎಳೆದುಕೊಂಡು ಮೋಡೆಮ್ಮಿನ ಎದುರಿಗೆ ಕೂತೆ. ಏಳೂವರೆ, ಎಂಟು, ಎಂಟೂವರೆ. ದೀಪಗಳು ತಮ್ಮಷ್ಟಕ್ಕೆ ಮಿನುಗುತ್ತಿದ್ದವು. ತಂಗಿ ಸ್ನಾನಕ್ಕೆ ಹೋದರು.

ಅವ್ವ ಪೂಜೆಗೆ ಬಂದದ್ದು ಆಗ. ತಲೆಯ ಮೇಲೆ ಸೆರಗು, ಕೈಯಲ್ಲಿ ಆರತಿ ತಟ್ಟೆ. ದೇವರ ಮನೆ ಮುಗಿದಿತ್ತು. ಹೊಸ್ತಿಲಿಗೆ, ತಿಜೋರಿಗೆ, ಮೂಲೆಯ ಹೊಲಿಗೆ ಮಶೀನಿಗೆ ಕುಂಕುಮ ಇಟ್ಟು ಊದಿನಕಡ್ಡಿ ಬೆಳಗಿದರು. ನಮ್ಮ ಕಡೆ ಯಾವ ಮನೆಯಲ್ಲಾದರೂ ನಡೆಯುವುದೇ, ಅನ್ನ ಕೊಡುವ ಸಾಮಾನಿಗೆ ಶುಕ್ರವಾರ ಪೂಜೆ. ಆಮೇಲೆ ಬಚ್ಚಲಮನೆಯ ಕಡೆ ಒಮ್ಮೆ ನೋಡಿ ನನ್ನ ಹತ್ತಿರ ಬಂದರು.

‘ಅಕಿಗೆ ಹೇಳಬ್ಯಾಡಪಾ ಯಪ್ಪಾ, ಬೈತಾಳ. ಕಂಪನಿ ಸಾಮಾನು ಮುಟ್ಟಬ್ಯಾಡ ಅಂತಾಳ. ಬರೇ ಮಶೀನು ಅಂತ ಬಿಟ್ರ ಹೆಂಗ? ನನ್ನ ಮಗಳ್ನ ಹಿಡಕೊಂಡು ಕುಂತದ್ದು ಇದು.’

ಮೋಡೆಮ್ಮಿಗೆ ಸಾಸಿವೆ ಕಾಳಿನಷ್ಟು ಕುಂಕುಮ ಇಟ್ಟರು. ಊದಿನಕಡ್ಡಿ ಮೂರು ಸುತ್ತು ಬೆಳಗಿ, ಅದನ್ನು ನಿಲ್ಲಿಸಲು ಮೇಲ್ಗಡೆ ಇದ್ದ ಸಣ್ಣ ತೂತಿನಲ್ಲಿ ತುದಿ ಇಳಿಸಿ, ಬೀಳದ ಹಾಗೆ ಬೆರಳಿನಿಂದ ಒತ್ತಿ ಹಿಡಿದರು. ಕಣ್ಣು ಮುಚ್ಚಿದರು.

‘ಕದರಮಂಡಲಗಿ ಹನುಮಪ್ಪಾ, ಕೂಸು ಇಲ್ಲೇ ಇರ್ಲೆಪಾ. ಆ ಮನಿ ಹೊಸ್ತಿಲಾ ಮತ್ತ ತುಳಿಸಬ್ಯಾಡ. ನಿನಗ ನಡಕೊಂತ ಬಂದು ಕಾಯಿ ಒಡಸ್ತೇನಿ.’

ಅದು ರೀಸೆಟ್ ಮಾಡುವ ತೂತು. ಒಳಗಿನ ಗುಂಡಿಯನ್ನು ಪಿನ್ನಿನಿಂದ ಹತ್ತು ಸೆಕೆಂಡು ಒತ್ತಿದರೆ ಮೋಡೆಮ್ ಕಲಿತದ್ದನ್ನೆಲ್ಲ ಮರೆಯುತ್ತದೆ. ನಾನು ಬೆನ್ನು ಮೇಲೆ ಮಾಡಿ ತೂಗುಹಾಕಿದ್ದರಿಂದ ಅದು ಊದಿನಕಡ್ಡಿಗೆ ಹೇಳಿ ಮಾಡಿಸಿದ ಹಾಗೆ ಆಕಾಶ ನೋಡುತ್ತಿತ್ತು. ಕೂಗಬೇಕಿತ್ತು. ಬಾಯಿ ಬರಲಿಲ್ಲ. ದೀಪಗಳೆಲ್ಲ ಒಮ್ಮೆಗೇ ಆರಿದವು, ಸ್ವಲ್ಪ ಹೊತ್ತಿಗೆ ಒಂದೊಂದಾಗಿ ಹತ್ತಿದವು.

ಅವ್ವ ಕಣ್ಣು ಬಿಟ್ಟು ಅದನ್ನು ನೋಡಿ ಕೆನ್ನೆ ಬಡಿದುಕೊಂಡರು. ‘ನೋಡಪಾ, ಪ್ರತಿ ವಾರಾನೂ ಹಿಂಗಽ. ಪೂಜಾ ಮುಟ್ಟಿತು ಅಂತ ಕಣ್ಣು ಮುಚ್ಚಿ ತಗೀತೈತಿ.’ ಕಡ್ಡಿ ಕಿತ್ತು ತುಳಸಿ ಕಟ್ಟೆಗೆ ಒಯ್ದರು. ಹೋಗುವ ಮೊದಲು ಕುಂಕುಮವನ್ನು ಸೆರಗಿನಿಂದ ಒರೆಸಿದರು, ಮಗಳಿಗೆ ಕಾಣದ ಹಾಗೆ.

ಮೂರು ವಾರದ ಗಂಟು ಬಿಚ್ಚಿತ್ತು. ಖುಷಿಯಾಗಲಿಲ್ಲ. ಗಡಿಯಾರ ನೋಡಿದೆ, ಎಂಟು ನಲವತ್ತೈದು. ಲ್ಯಾಪ್‌ಟಾಪ್ ತೆಗೆದು ಹಾಕಲು ಶುರುಮಾಡಿದೆ. ಬ್ರಿಡ್ಜ್ ಆಯಿತು, ರೌಟರ್ ಡಯಲ್ ಮಾಡಿತು, ಆಗಲಿಲ್ಲ. ಹಳೆಯ ಕರೆ ಎಕ್ಸ್‌ಚೇಂಜಿನಲ್ಲಿ ಇನ್ನೂ ನಿಂತೇ ಇತ್ತು. ಅದು ಬಿಡಬೇಕೆಂದರೆ ಮತ್ತೆ ಅರ್ಧ ತಾಸು. ನಾನು ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಒಂಬತ್ತಾಯಿತು.

ತಂಗಿ ಒದ್ದೆ ಕೂದಲಲ್ಲೇ ಬಂದು ನನ್ನ ಮುಖ ನೋಡಿದರು, ರೌಟರ್ ನೋಡಿದರು. ಕೂತರು. ಹೊರಗೆ ಕಾರು ಒರೆಸುತ್ತಿದ್ದ ಸಾವಕಾರ್ರು ಒಳಗೆ ಬಂದರು.

‘ಆತೇನ್ರಿ ನಾಕನೇದು?’

‘ಆತ್ರಿ.’

‘ಮುಗೀತು ಹಂಗಾರ. ನಡಿ ತಂಗಿ, ಸೀರಿ ಬದಲಿಸ್ಕೋ. ಮಾತು ಅಂದ್ರ ಮಾತು.’ ಆಕೆ ಅಲುಗಲಿಲ್ಲ. ಅವರು ಸ್ವಲ್ಪ ಮೆತ್ತಗೆ ಅಂದರು, ‘ಗಂಡ ಅಂದಮ್ಯಾಲ ಒಂದು ಮಾತು ಬರ್ತದ, ಒಂದು ಏಟೂ ಬರ್ತದ. ಸಂಸಾರದಾಗ ಇವೆಲ್ಲಾ ಇದ್ದದ್ದಽ.’

ತಂಗಿ ಹೆಡ್‌ಫೋನ್ ಎತ್ತಿಕೊಂಡು ಅದರ ತಂತಿಯನ್ನು ಕೈಗೆ ಸುತ್ತತೊಡಗಿದರು, ಒಪ್ಪವಾಗಿ, ವಾಪಸ್ ಕಳಿಸುವ ಸಾಮಾನಿನ ಹಾಗೆ.

ನನಗೆ ಸಿಟ್ಟು ಬಂತು. ಹೆಂಡತಿ ಹೋದಮೇಲೆ ಮೊದಲ ಸಲ. ಅಂಗಾಲಿನಿಂದ ನೆತ್ತಿಗೆ ಏರಿತು.

‘ಏಯ್ ಸಾವಕಾರ್ರ, ಬಾಯಿ ಬಿಗಿ ಹಿಡೀರಿ!’ ಅಂತ ಕೂಗಿದೆ. ‘ತಪ್ಪು ನಂದು. ಮಶೀನು ಉಲ್ಟಾ ಜೋಡಿಸಿದವ ನಾನು. ನಾನು ಮಾಡಿದ ಹೊಲಸಿಗೆ ಅಕ್ಕಾರನ್ನ ಯಾಕ ಮೇಡ್ಲೇರಿಗೆ ಅಟ್ತೀರಿ? ಉಳಿದ ಇನ್ನೊಂದು ಕಿವೀನೂ ಹೋಗ್ಲಿ ಅಂತೇನು?’

ಅವರು ಏನಾದರೂ ಅನ್ನುವ ಮೊದಲು ಮೊಬೈಲ್ ತೆಗೆದು ಹುಬ್ಬಳ್ಳಿಯ ಕಂಪನಿಯ ಮೇಲ್ವಿಚಾರಕರಿಗೆ ಹಚ್ಚಿದೆ. ನಾಲ್ಕೂ ಸಲ ಜೋಡಣೆಯ ತಪ್ಪು, ಮನೆಯವರದಲ್ಲ, ಜೋಡಿಸಿದವನು ನಾನು ಅಂದೆ. ಅವರು ನಿಯಮ ಅಂದರು. ನಾನು ನಿಯಮ ಮಾಡಿದವರು ಬ್ಯಾಡಗಿಗೆ ಬಂದು ಒಮ್ಮೆ ತಂತಿ ಎಳೆದು ನೋಡಲಿ ಅಂದೆ. ಅವರು ಫೋನ್ ಇಡುತ್ತೇನೆ ಅಂದರು. ಇಟ್ಟರೆ ಈಗಿಂದೀಗ ಗಾಡಿ ತಗೊಂಡು ಹುಬ್ಬಳ್ಳಿಗೇ ಬರುತ್ತೇನೆ ಅಂದೆ. ಹೀಗೆ ಕಾಲು ತಾಸು ಹಗ್ಗಜಗ್ಗಾಟ ಆಯಿತು. ಕೊನೆಗೆ, ತಪ್ಪು ನಿಮ್ಮದು ಅಂತ ನಿಮ್ಮ ಅಂಗಡಿಯ ಕಾಗದದ ಮೇಲೆ ಬರೆದು ಸಹಿ ಮಾಡಿ ಸಂಜೆಯೊಳಗೆ ಫ್ಯಾಕ್ಸ್ ಕಳಿಸಿ, ಲೈನ್ ಹತ್ತರೊಳಗೆ ಬರಲಿ, ನಾಲ್ಕನ್ನೂ ಲೆಕ್ಕದಿಂದ ತೆಗೆದು ಇವತ್ತಿನಿಂದ ಹೊಸ ತಿಂಗಳು ಹಿಡಿಯುತ್ತೇನೆ ಅಂದರು.

ಸಾವಕಾರ್ರು ಎಲ್ಲ ಕೇಳಿಸಿಕೊಂಡು ನಿಂತಿದ್ದರು. ‘ತಪ್ಪು ನಿಮ್ದು ಅಂತ ಬರಕೊಡ್ತೀರಿ. ಹಂಗಾದ್ರ ನಿಮಗ ಕೆಲಸ ಬರಂಗಿಲ್ಲ ಅಂದಂಗಾತು. ಮೂರೂ ಅಂಗಡಿ ಕೆಲಸ ನಾಳಿಂದ ಬ್ಯಾರೆಯವ್ರು ನೋಡ್ಕೋತಾರ’ ಅಂದು ಅಂಗಳಕ್ಕೆ ಇಳಿದರು. ನನ್ನ ಅಂಗಡಿಯ ಅರ್ಧ ಕೆಲಸ ಆ ಮೂರು ಅಂಗಡಿಗಳದು. ಹೋಗಲಿ ಅಂದುಕೊಂಡೆ.

ಅವ್ವನ ಮೇಲಿನ ಕರುಣೆಯಿಂದ ಊದಿನಕಡ್ಡಿಯ ಮಾತು ಎತ್ತಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಇನ್ನೊಂದು ಮುಖ ಕಪ್ಪಿಡುವುದನ್ನು ನೋಡುವ ತ್ರಾಣ ನನಗಿರಲಿಲ್ಲ, ಅಷ್ಟೇ. ಮೇಲಾಗಿ ಅದನ್ನು ಹಾಗೆ ತೂಗುಹಾಕಿದವನು ಖರೇನೇ ನಾನು.

ಮೋಡೆಮ್ಮನ್ನು ಗೋಡೆಯಿಂದ ಇಳಿಸಿದೆ. ಬೆನ್ನು ಕೆಳಗೆ ಮಾಡಿ, ತಂತಿಯನ್ನು ಉದ್ದ ಬಿಟ್ಟು ಸುತ್ತಿಸಿ ತಂದು ಮತ್ತೆ ಸಿಕ್ಕಿಸಿದೆ. ಆ ತೂತಿನ ಮೇಲೆ ಇನ್ಸುಲೇಷನ್ ಟೇಪು ಎರಡು ಸುತ್ತು ಅಂಟಿಸಿದೆ. ಅಷ್ಟರಲ್ಲಿ ಅರ್ಧ ತಾಸು ಮುಗಿದಿತ್ತು. ರೌಟರ್ ಹಚ್ಚಿದೆ. ಒಂಬತ್ತು ಐವತ್ತಕ್ಕೆ ಹಸಿರು ಬಂತು. ತಂಗಿ ಕೈಗೆ ಸುತ್ತಿದ್ದ ತಂತಿ ಬಿಚ್ಚಿ, ಹೆಡ್‌ಫೋನ್ ಹಾಕಿಕೊಂಡು ಟೈಪ್ ಮಾಡತೊಡಗಿದರು.

ಹಿಂದೆ ಅವ್ವ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

‘ಆ ತೂತು ಯಾಕ ಮುಚ್ಚಿದೆಪಾ?’

‘ಧೂಳು ಒಳಗ ಹೋಗ್ತೈತ್ರಿ ಯವ್ವಾ. ಖಾರಪುಡಿ ಧೂಳು.’

‘ಸುಳ್ಳ ಹೇಳಬ್ಯಾಡ.’ ಅವರು ಟೇಪನ್ನೇ ನೋಡುತ್ತಿದ್ದರು. ‘ಶುಕ್ರವಾರಕ್ಕೊಮ್ಮೆ ಕೆಡ್ತಿತ್ತು. ಶುಕ್ರವಾರಕ್ಕೊಮ್ಮೆ ನಾನು ಕಡ್ಡಿ ಚುಚ್ಚತಿದ್ದೆ. ನಾನೇನು ಅಷ್ಟೂ ತಿಳಿಲಾರದಾಕೇನು?’

ನಾನು ಟೇಪಿನ ಸುರುಳಿಯನ್ನು ಚೀಲಕ್ಕೆ ಹಾಕಿದೆ.

‘ನನ್ನ ಕೈಯಾರೆ ನನ್ನ ಮಗಳ ಅನ್ನಕ್ಕ ಕಲ್ಲು ಹಾಕ್ಕೊಂತ ಕುಂತಿದ್ನೆಲ್ಲಪಾ, ಹನುಮಪ್ಪಾ’ ಅಂದರು, ಬಹಳ ಸಣ್ಣ ದನಿಯಲ್ಲಿ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳಕ್ಕೆ ನಡೆದರು. ನಾನೂ ಬಾಗಿಲತನಕ ಹೋದೆ.

ಮಗ ಕಾರಿನ ಬಾಗಿಲು ತೆಗೆಯುತ್ತಿದ್ದರು.

‘ಅವನ ತಪ್ಪಲ್ಲೋ ಅದು’ ಅಂದರು ಅವ್ವ. ‘ನಾನು ಕೆಡಿಸಿದ್ದು. ನಾಕು ವಾರಾನೂ ನಾನಽ. ಪೂಜಾ ಮಾಡಾಕ ಹೋಗಿ ಮಶೀನಿನ ಕಣ್ಣಾಗ ಕಡ್ಡಿ ಹಾಕೇನಿ. ಆ ಹುಡುಗ ನನ್ನ ಸಲುವಾಗಿ ಸುಳ್ಳು ಹೇಳ್ಯಾನ.’

ಸಾವಕಾರ್ರು ನನ್ನನ್ನು ನೋಡಿದರು, ಅವ್ವನನ್ನು ನೋಡಿದರು.

‘ಕೆಡಿಸಿದವ್ರನ್ನ ಮನಿಯಿಂದ ಹೊರಗ ಹಾಕೂದು ನಿನ್ನ ಮಾತಲ್ಲ? ನಡಿ, ನಾನು ಕಾರ್ ಹತ್ತತೇನಿ. ನನ್ನ ಎಲ್ಲಿ ಬಿಟ್ಟು ಬರ್ತಿ ಹೇಳು’ ಅಂದರು ಅವ್ವ.

ಆ ಮಾತಿಗೆ ನನಗೆ ಅಳು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ಪರರ ಮನೆಯ ಬಾಗಿಲ ಚೌಕಟ್ಟು ಹಿಡಿದುಕೊಂಡು, ಸಣ್ಣ ಹುಡುಗರ ಹಾಗೆ ಬಿಕ್ಕಿ ಬಿಕ್ಕಿ ಅತ್ತೆ. ಮೆಣಸಿನಕಾಯಿ ಘಾಟು ಮೂಗಿಗೆ ಹೊಡೆದು ಕೆಮ್ಮೂ ಬಂತು.

ಸಾವಕಾರ್ರು ಬಹಳ ಹೊತ್ತು ಕಾರಿಗೆ ಕೈಯಾನಿಸಿ ನಿಂತಿದ್ದರು. ಅವ್ವ ಅಲ್ಲಿಂದ ಕದಲಲಿಲ್ಲ. ಕೊನೆಗೆ ಸಾವಕಾರ್ರು ಕಾರಿನ ಹಿಂದಕ್ಕೆ ಹೋಗಿ ಡಿಕ್ಕಿ ತೆಗೆದರು. ಅದರೊಳಗೆ ತಂಗಿಯ ಸೂಟ್‌ಕೇಸಿತ್ತು, ಹಗ್ಗ ಬಿಗಿದು ತಯಾರಾಗಿ. ಯಾವಾಗ ಇಟ್ಟಿದ್ದರೋ, ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಎತ್ತಿಕೊಂಡು, ತಲೆ ತಗ್ಗಿಸಿ, ನನ್ನನ್ನು ದಾಟಿ ಒಳಗೆ ಹೋಗಿ ತಂಗಿಯ ಕೋಣೆಯಲ್ಲಿ ಇಟ್ಟು ಬಂದರು.